ವೈಫೈ ಕಾಣದಿದ್ದರೆ ಮೊದಲು ಫೋನ್ ಕೇಬಲ್ ಹುಡುಕಿ

ವಿಂಡೋಸ್ 10 ಹೊಸದಾಗಿ ಹಾಕಿದ ಮೇಲೆ ವೈಫೈ ಕಾಣ್ತಿಲ್ಲ, ಡಿವೈಸ್ ಮ್ಯಾನೇಜರ್‌ನಲ್ಲಿ (ಕಂಪ್ಯೂಟರಿನ ಭಾಗಗಳ ಪಟ್ಟಿ) 'ನೆಟ್‌ವರ್ಕ್ ಕಂಟ್ರೋಲರ್' ಪಕ್ಕ ಹಳದಿ ಗುರುತು ಇದೆಯಾ? ವೈಫೈ ಕಾರ್ಡ್ ಕೆಟ್ಟಿರಲಿಕ್ಕಿಲ್ಲ, ಅದನ್ನು ನಡೆಸುವ ಸಾಫ್ಟ್‌ವೇರ್, ಅಂದ್ರೆ ಡ್ರೈವರ್, ಇಲ್ಲ ಅಷ್ಟೇ. ಆಂಡ್ರಾಯ್ಡ್ ಫೋನಿಗೆ ಕೇಬಲ್ ಹಾಕಿ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಫೋನಿನ ನೆಟ್ ಕಂಪ್ಯೂಟರಿಗೆ ಬರುತ್ತದೆ. ಆಮೇಲೆ ವಿಂಡೋಸ್ ಅಪ್‌ಡೇಟ್ ಓಡಿಸಿ. ಎಷ್ಟೋ ಸಲ ಅಲ್ಲೇ ಕೆಲಸ ಮುಗಿಯುತ್ತದೆ.

ಮುಗಿಯದಿದ್ದರೆ ಹಳದಿ ಗುರುತಿನ ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿಸ್ ನೋಡಿ. 'VEN' (ಕಾರ್ಡ್ ಮಾಡಿದ ಕಂಪನಿಯ ಗುರುತು) ಪಕ್ಕ 8086 ಇದ್ದರೆ ಇಂಟೆಲ್ (1978ರ ಅವರ ಚಿಪ್ಪಿನ ನಂಬರು, ಇನ್ನೂ ಬಿಟ್ಟಿಲ್ಲ!), 14E4 ಇದ್ದರೆ ಬ್ರಾಡ್‌ಕಾಮ್. ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಲ್ಲಿ ನಿಮ್ಮ ಮಾಡೆಲ್ ಹುಡುಕಿ ಆ ಹೆಸರಿನ ವೈಫೈ ಡ್ರೈವರ್ ಇಳಿಸಿಕೊಳ್ಳಿ.

'ಒಂದೇ ಕ್ಲಿಕ್‌ನಲ್ಲಿ ಎಲ್ಲ ಡ್ರೈವರ್' ಅನ್ನೋ ಸಾಫ್ಟ್‌ವೇರ್ ಮಾತ್ರ ಬೇಡ. ಒಮ್ಮೆ ಸುಮ್ನೆ ಹಾಕಿದ್ದೆ, ಇದ್ದ ಸೌಂಡೂ ಹೋಯಿತು.