ತಂತಿ ಕದ್ದ ಹುಡುಗನಿಗೆ ಜೈಲು, ಕೋಟಿ ನುಂಗಿದವರಿಗೆ ರಾಜೀನಾಮೆ?

ಪ್ರಶ್ನೆ: ಸರ್, ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿದ್ದೇನೆ. ತಾಮ್ರದ ತಂತಿ ಕದ್ದ ಅಂತ ನಮ್ಮ ಹುಡುಗನೊಬ್ಬ ಜೈಲಿನಲ್ಲಿದ್ದಾನೆ. ಜಾಮೀನು ಮಂಜೂರಾಗಿದೆ, ಶ್ಯೂರಿಟಿ ನಿಲ್ಲೋರಿಲ್ಲ. ಇಲ್ಲದ ಸಪ್ಲೈಯರ್ ಹೆಸರಲ್ಲಿ ಬಿಲ್ ಮಾಡಿ ಕೋಟಿಗಟ್ಟಲೆ ನುಂಗಿದ ಮ್ಯಾನೇಜರ್ ಮಾತ್ರ ರಾಜೀನಾಮೆ ಕೊಟ್ಟು ಹೋದರು. ದೊಡ್ಡವರಿಗೆ ಕಾನೂನಿನಲ್ಲೇ ಶಿಕ್ಷೆ ಕಡಿಮೆಯಾ?

ಉತ್ತರ: ಇಲ್ಲ. ಮಾಲೀಕರ ಮಾಲು ಕದ್ದ ಕೆಲಸಗಾರನಿಗೂ, ನಂಬಿ ಒಪ್ಪಿಸಿದ ಹಣ ನುಂಗಿದ ಮ್ಯಾನೇಜರಿಗೂ ಭಾರತೀಯ ನ್ಯಾಯ ಸಂಹಿತೆಯಲ್ಲಿ (ಹಳೆಯ ಐಪಿಸಿ ಬದಲಿಗೆ ಬಂದ ಕಾನೂನು) ಗರಿಷ್ಠ ಶಿಕ್ಷೆ ಒಂದೇ, 7 ವರ್ಷ. ವಂಚನೆ 10 ಲಕ್ಷ ದಾಟಿದರೆ ಕಂಪನಿ ಕಾಯ್ದೆಯ 447ನೇ ಸೆಕ್ಷನ್ ಕೂಡ ಬರುತ್ತದೆ. ಅದರಲ್ಲಿ 10 ವರ್ಷದವರೆಗೆ ಜೈಲು, ನುಂಗಿದ್ದರ ಮೂರು ಪಟ್ಟಿನ ತನಕ ದಂಡ.

ದೊಡ್ಡವರ ಕೇಸು ಸಡಿಲವಾಗೋದು ಕೋರ್ಟಿಗೆ ಬರೋ ಮುಂಚೆಯೇ. ಹೆಸರು ಕೆಡುತ್ತೆ, ಬ್ಯಾಂಕಿನವರು ಪ್ರಶ್ನೆ ಕೇಳ್ತಾರೆ ಅಂತ ಕಂಪನಿಯವರು ದೂರನ್ನೇ ಕೊಡುವುದಿಲ್ಲ. ಕೊಟ್ಟರೂ, ನೌಕರನ ನಂಬಿಕೆ ದ್ರೋಹದ ಕೇಸನ್ನು ಕೋರ್ಟಿನ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದು. ನನಗೆ ಸಿಟ್ಟು ಬರೋದು ಇಲ್ಲೇ. ಕಾನೂನಿನಲ್ಲಿ ತಂತಿ ಕೇಸಿಗೂ ಅದೇ ರಾಜಿ ಇದೆ, ಆದರೆ ಅದು ಸುಲಭವಾಗಿ ಸಿಗೋದು ಕೋಟಿ ನುಂಗಿದವರಿಗೆ.

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಮುಖ್ಯಸ್ಥರಾಗಿದ್ದ ರಾಮಲಿಂಗ ರಾಜು ಲೆಕ್ಕ ತಿರುಚಿದ್ದನ್ನು ಒಪ್ಪಿಕೊಂಡಿದ್ದು 2009ರ ಜನವರಿಯಲ್ಲಿ. 7 ವರ್ಷದ ಶಿಕ್ಷೆ ಬಂದಿದ್ದು 2015ರ ಏಪ್ರಿಲ್‌ನಲ್ಲಿ. ಮರುತಿಂಗಳೇ ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿತು. ವಿಚಾರಣೆ ಹೊತ್ತಿನಲ್ಲಿ ಅವರು ಎರಡೂವರೆ ವರ್ಷಕ್ಕೂ ಜಾಸ್ತಿ ಒಳಗಿದ್ದರು, ಅದು ಸುಳ್ಳಲ್ಲ. ಆದರೆ ಶಿಕ್ಷೆಯಾದ ಮೇಲೂ ಅವರು ಹೊರಗೆ ಬಂದರು. ನಿಮ್ಮ ಹುಡುಗ ತಪ್ಪು ಮಾಡಿದ್ದಾನೆ ಅಂತ ಇನ್ನೂ ತೀರ್ಪೇ ಬಂದಿಲ್ಲ, ಜಾಮೀನು ಸಿಕ್ಕರೂ ಒಳಗಿದ್ದಾನೆ, ಅಲ್ವಾ?

ಮ್ಯಾನೇಜರ್ ವಿಷಯದಲ್ಲಿ ಮಾಲೀಕರೇ ದೂರು ಕೊಡಬೇಕೆಂದೇನಿಲ್ಲ, ಗೊತ್ತಿರುವ ಯಾರು ಬೇಕಾದರೂ ಪೊಲೀಸರಿಗೆ ಮಾಹಿತಿ ಕೊಡಬಹುದು. ಸುಮ್ನೆ ಬಾಯಿಮಾತು ನಡೆಯಲ್ಲ. ಬಿಲ್ಲಿನಲ್ಲಿ ಲೋಡು ಬಂದಿದೆ ಅಂತಿದ್ದರೆ ಗೇಟಿನ ರಿಜಿಸ್ಟರಿನಲ್ಲಿ ಆ ಲಾರಿ ನಂಬರ್ ಇರಬೇಕು, ಲಾರಿ ತೂಕ ಮಾಡಿದ ವೇ ಬ್ರಿಡ್ಜ್ ಚೀಟಿ ಇರಬೇಕು. ಇಲ್ಲದಿದ್ದರೆ ಅದೇ ಸುಳಿವು. ಯಾವ ತಾರೀಕು, ಯಾವ ಬಿಲ್ಲು ಅಂತ ಬರೆದುಕೊಡಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಮೇಲಧಿಕಾರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿದೆ.

ಅದಕ್ಕಿಂತ ಮೊದಲು ಹುಡುಗನನ್ನು ಹೊರಗೆ ತನ್ನಿ. ಪಹಣಿ ಇಟ್ಟುಕೊಂಡು ಶ್ಯೂರಿಟಿ ನಿಲ್ಲೋರು ಬಡವರಿಗೆ ಎಲ್ಲಿಂದ ಸಿಗಬೇಕು? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜೈಲಿನಲ್ಲಿರುವವರಿಗೆ ಅಲ್ಲಿ ವಕೀಲರು ಉಚಿತ. ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಶ್ಯೂರಿಟಿ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟೇ ಪರಿಶೀಲಿಸಬಹುದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಹೋಗುವಾಗ ಕ್ರೈಂ ನಂಬರ್ (ಎಫ್‌ಐಆರ್ ಸಂಖ್ಯೆ), ಜಾಮೀನು ಆದೇಶದ ಪ್ರತಿ ಕೈಯಲ್ಲಿರಲಿ.