ಸರ್ವರ್ ಮುಂದೆ ಬಟನ್ ಒತ್ತೋರು ಯಾರು?

ಪ್ರಶ್ನೆ: ಮೂಡಿಗೆರೆಯಲ್ಲಿ ನಮ್ಮದು ಕಾಫಿ, ಮೆಣಸು ಕೊಳ್ಳುವ ವ್ಯಾಪಾರ. ಲೆಕ್ಕದ ಸರ್ವರ್ ಮಹಡಿ ರೂಮಿನಲ್ಲಿದೆ, ಕೆಳಗೆ ನಾಲ್ಕು ಕಂಪ್ಯೂಟರ್. ಎಲ್ಲದರಲ್ಲೂ ವಿಂಡೋಸ್. ಮಗ ಒಂದು ಉಚಿತ ಫೈರ್‌ವಾಲ್ (ನೆಟ್‌ವರ್ಕ್‌ನಲ್ಲಿ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಅಂತ ನೋಡುವ ಕಾವಲು ಸಾಫ್ಟ್‌ವೇರ್) ಡೌನ್‌ಲೋಡ್ ಮಾಡಿ ಸರ್ವರ್‌ಗೆ ಹಾಕಿದ. ಅಂದಿನಿಂದ ಕರೆಂಟ್ ಹೋಗಿ ಬಂದರೆ ಸಾಕು, ಕೆಳಗೆ ಲೆಕ್ಕವೇ ತೆರೆಯುವುದಿಲ್ಲ. ಮೇಲೆ ಹೋಗಿ ನೋಡಿದರೆ ‘ಬಿಡಲೇ, ತಡೆಯಲೇ?’ ಅಂತ ಕೇಳಿಕೊಂಡು ನಿಂತಿರುತ್ತದೆ. ತೆಗೆದರೆ ಅಪಾಯವೇ?

ಉತ್ತರ: ತೆಗೆದುಬಿಡಿ. ಅದೇನೂ ಕೆಟ್ಟ ಸಾಫ್ಟ್‌ವೇರ್ ಅಲ್ಲ, ಆದರೆ ಅದನ್ನು ಮಾಡಿರುವುದೇ ಎದುರಿಗೆ ಒಬ್ಬರು ಕೂತಿರುವ ಕಂಪ್ಯೂಟರ್‌ಗೆ. ಯಾವುದೇ ಪ್ರೋಗ್ರಾಂ ನೆಟ್‌ವರ್ಕ್ ಮುಟ್ಟಿದರೂ ಅದು ಕೇಳುತ್ತದೆ, ಉತ್ತರ ಸಿಗುವ ತನಕ ತಡೆದಿಡುತ್ತದೆ. ನಿಮ್ಮ ಮಹಡಿ ರೂಮಿನಲ್ಲಿ ಉತ್ತರ ಹೇಳೋರು ಯಾರೂ ಇಲ್ಲ, ಅಲ್ವಾ? ‘ನೆನಪಿಟ್ಟುಕೋ’ ಅಂತ ಟಿಕ್ ಹಾಕಿದರೂ, ಲೆಕ್ಕದ ಸಾಫ್ಟ್‌ವೇರ್ ಅಪ್‌ಡೇಟ್ ಆದ ದಿನ ಮತ್ತೆ ಶುರು.

ನಾನೂ ಒಮ್ಮೆ ಪೆಟ್ಟು ತಿಂದವನೇ. ಹಾಸನದ ಮನೆಯಲ್ಲಿ ಕೂತು, ದೂರದ ಕಂಪ್ಯೂಟರನ್ನು ಕೂತಲ್ಲಿಂದಲೇ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ, ಚಿಕ್ಕಮಗಳೂರಿನ ಒಂದು ಕಚೇರಿಯ ಸರ್ವರ್‌ಗೆ ಇಂಥದ್ದೇ ಒಂದನ್ನು ಹಾಕಿದೆ. ಕೊನೆಯ ಬಟನ್ ಒತ್ತಿದೆ, ಪರದೆ ಹಾಗೇ ನಿಂತಿತು. ನನ್ನನ್ನೇ ಹೊರಗೆ ಹಾಕಿತ್ತು! ಮಾರನೇ ದಿನ ಬೇಲೂರು ಮೇಲೆ ಸುಮಾರು 60 ಕಿಲೋಮೀಟರ್ ಬಸ್ಸಲ್ಲಿ ಹೋಗಿ, ‘ಬಿಡು’ ಅಂತ ಒಂದು ಸಲ ಒತ್ತಿ ಬಂದೆ. ಬಸ್ ಚಾರ್ಜ್ ಕೇಳೋಕೆ ಮುಖ ಇರಲಿಲ್ಲ.

ವಿಂಡೋಸ್‌ನಲ್ಲೇ ಫೈರ್‌ವಾಲ್ ಇದೆ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬಂದ ಸರ್ವೀಸ್ ಪ್ಯಾಕ್ 2 ಅಪ್‌ಡೇಟ್‌ನಲ್ಲಿ ಅದನ್ನು ಮೊದಲೇ ಆನ್ ಮಾಡಿ ಕೊಡಲು ಶುರು ಮಾಡಿದರು. ಯಾರೂ ಲಾಗಿನ್ ಆಗದಿದ್ದರೂ ಅದು ಕೆಲಸ ಮಾಡುತ್ತದೆ. ಮಗ ಹಾಕಿದ್ದು ಇದನ್ನು ಆಫ್ ಮಾಡಿರಬಹುದು. ಹಾಗಾಗಿ ಮೊದಲು ಇಂಟರ್ನೆಟ್ ಕೇಬಲ್ ಕಿತ್ತು, ಹೊಸದನ್ನು ತೆಗೆದು, ರೀಸ್ಟಾರ್ಟ್ ಮಾಡಿ, ವಿಂಡೋಸ್‌ನದು ಆನ್ ಇದೆಯೇ ನೋಡಿ. ನೆಟ್‌ವರ್ಕ್ ‘ಪಬ್ಲಿಕ್’ ಅಂತಿದ್ದರೆ ‘ಪ್ರೈವೇಟ್’ ಮಾಡಿ, ಇಲ್ಲದಿದ್ದರೆ ಕೆಳಗಿನವರು ಮತ್ತೆ ಕೂಗ್ತಾರೆ.

ಲೆಕ್ಕದ ಫೋಲ್ಡರ್ ಹಂಚಿಕೊಳ್ಳುವುದಕ್ಕೆ ಪೋರ್ಟ್ 445, ಅಂದರೆ ನೆಟ್‌ವರ್ಕ್‌ನಲ್ಲಿ ಆ ನಂಬರಿನ ಬಾಗಿಲು, ಬೇಕು. ವಿಂಡೋಸ್ ಫೈರ್‌ವಾಲ್‌ನಲ್ಲಿ ಅದಕ್ಕಿರುವ ನಿಯಮದ ‘ಸ್ಕೋಪ್’ನಲ್ಲಿ ‘ಲೋಕಲ್ ಸಬ್‌ನೆಟ್’ ಆರಿಸಿ. ಆಗ ನಿಮ್ಮ ಒಳಗಿನ ನೆಟ್‌ವರ್ಕ್‌ನಲ್ಲಿರುವ ಕಂಪ್ಯೂಟರ್‌ಗಳಿಗೆ ಮಾತ್ರ ದಾರಿ. ರೂಟರ್‌ನಲ್ಲಿ 445, ರಿಮೋಟ್ ಡೆಸ್ಕ್‌ಟಾಪ್‌ನ 3389 ಎರಡನ್ನೂ ಹೊರಗಿನವರಿಗೆ ತೆರೆಯಲೇಬೇಡಿ. 2017ರ ಮೇ ತಿಂಗಳಲ್ಲಿ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ನುಗ್ಗಿದ್ದು ಈ 445ರಿಂದಲೇ, ಅದೂ ಅಪ್‌ಡೇಟ್ ಮಾಡದ ವಿಂಡೋಸ್‌ಗಳಿಗೆ.

ಸರ್ವರ್‌ಗೆ ಒಂದು ಯುಪಿಎಸ್ ಹಾಕಿಸಿ, ಮಳೆಗಾಲ ಬರ್ತಿದೆ. ಇದನ್ನೆಲ್ಲ ಮಹಡಿ ಹತ್ತಿ ಸರ್ವರ್ ಮುಂದೆ ಕೂತೇ ಮಾಡಿ, ನನ್ನ ಹಾಗೆ ಮನೆಯಿಂದ ಬೇಡ.