ಸ್ಪ್ರಿಂಗ್ ಕತ್ತರಿಸುವ ಮೊದಲು ಗಾಳಿ ನೋಡಿ

ಗ್ಯಾರೇಜ್ ಕಟ್ಟೆ: ಓದುಗರ ಪ್ರಶ್ನೆ, ಸಕಲೇಶಪುರದ ಹಳೇ ಮೆಕ್ಯಾನಿಕ್‌ನ ಉತ್ತರ

ಪ್ರಶ್ನೆ: ನನ್ನದು 2008ರ ಪೆಟ್ರೋಲ್ ಸ್ವಿಫ್ಟ್ ವಿಎಕ್ಸ್‌ಐ. ಫೆಬ್ರವರಿಯಲ್ಲಿ ನಮ್ಮ ಕಡೆ ಗದ್ದೆಯಲ್ಲಿ ಆಟೋಕ್ರಾಸ್ ಇದೆ. ಮೊದಲ ಸಲ ಓಡಿಸುವ ಆಸೆ. ಅಮೆರಿಕದವರ ವಿಡಿಯೊ ನೋಡಿ ಪಟ್ಟಿ ಮಾಡಿದ್ದೇನೆ: ಕಾರನ್ನು ಎರಡು ಇಂಚು ಇಳಿಸುವುದು, ಗಟ್ಟಿ ಸ್ಪ್ರಿಂಗ್, 195ರ ಅಗಲದ ಟೈರ್. ಸ್ಪ್ರಿಂಗ್‌ನ ಒಂದೂವರೆ ಸುತ್ತು ಕತ್ತರಿಸಿದರೆ ಖರ್ಚೇ ಇಲ್ಲ ಅಂತಾನೆ ಗೆಳೆಯ. ಕೈಯಲ್ಲಿ 40,000 ರೂಪಾಯಿ ಇದೆ. ಯಾವುದು ಮೊದಲು ಸಾರ್?
– ಓದುಗರು, ಸೋಮವಾರಪೇಟೆ

ಉತ್ತರ: ಮಾರಾಯ್ರೇ, ಆ ಪಟ್ಟಿಯನ್ನು ಮಡಚಿ ಒಳಗಿಡಿ. ಅದು ಸುಳ್ಳಲ್ಲ, ಬೇರೆ ಆಟದ್ದು. ಅಮೆರಿಕದಲ್ಲಿ ಆಟೋಕ್ರಾಸ್ ಅಂದರೆ ದೊಡ್ಡ ಪಾರ್ಕಿಂಗ್ ಜಾಗದಲ್ಲೋ ಹಳೇ ರನ್‌ವೇಯಲ್ಲೋ, ಟಾರು ಇಲ್ಲವೇ ಕಾಂಕ್ರೀಟಿನ ಮೇಲೆ ಕೋನ್ ಇಟ್ಟು ಓಡಿಸುವುದು. ನಮ್ಮ ಕೊಡಗು, ಚಿಕ್ಕಮಗಳೂರು ಕಡೆ ಆಟೋಕ್ರಾಸ್ ಅಂದರೆ ಮಣ್ಣು. ಕೊಯ್ಲಾದ ಗದ್ದೆ, ಒಣಗಿದ ಕೂಳೆ, ನಡುವೆ ಬದುವಿನ ಉಬ್ಬು. ಎರಡರಲ್ಲೂ ಕಡಿಮೆ ಸಮಯ ತೆಗೆದುಕೊಂಡವರು ಗೆದ್ದ ಹಾಗೆ. ಹೋಲಿಕೆ ಅಲ್ಲಿಗೆ ಮುಗಿಯಿತು.

ಟಾರಿನ ಮೇಲೆ ಹಿಡಿತ ಜಾಸ್ತಿ. ತಿರುವಿನಲ್ಲಿ ಕಾರು ಪೂರ್ತಿ ವಾಲುತ್ತದೆ. ಅದಕ್ಕೇ ಅವರು ಬಿಗಿ ಮಾಡುತ್ತಾರೆ, ತಗ್ಗಿಸುತ್ತಾರೆ. ಗದ್ದೆಯಲ್ಲಿ ಹಿಡಿತವೇ ಕಡಿಮೆ. ಕಾರು ಅಷ್ಟು ವಾಲುವ ಮೊದಲೇ ಜಾರಿರುತ್ತದೆ. ಇಲ್ಲಿ ನಮಗೆ ಬೇಕಾದದ್ದು ಚಕ್ರ ನೆಲ ಬಿಡದೆ ಇರುವುದು. ಗಟ್ಟಿ ಸ್ಪ್ರಿಂಗ್ ಹಾಕಿ ಬದು ಹತ್ತಿಸಿದರೆ ಚಕ್ರ ಮೇಲೆ ಹಾರುತ್ತದೆ. ಮೇಲೆ ಸುಮ್ನೆ ಸುತ್ತುವ ಚಕ್ರ ಕಾರನ್ನು ಎಳೆಯುತ್ತದಾ?

ಇನ್ನು ಕತ್ತರಿಸುವ ವಿಷಯ. ನಾನೂ ಮಾಡಿದ್ದೆ. ಇಪ್ಪತ್ತು ವರ್ಷದ ಹಿಂದೆ, ನನ್ನದೇ ಎಸ್ಟೀಮ್‌ಗೆ, ನನ್ನದೇ ಕೈಯಿಂದ. ನಿಂತಾಗ ಏನು ಚೆಂದ ಕಾಣುತ್ತಿತ್ತು ಅಂತೀರಿ! ಓಟದ ಎರಡನೇ ಸುತ್ತಿನಲ್ಲಿ ಮುಂದಿನ ಎಡ ಚಕ್ರ ಒಂದು ಗುಂಡಿ ದಾಟಿ ಕೆಳಗೆ ಜೋತುಬಿತ್ತು. ಗಿಡ್ಡವಾದ ಸ್ಪ್ರಿಂಗ್ ಸಡಿಲಾಗಿ ತನ್ನ ಬಟ್ಟಲಿನಿಂದ ಜಾರಿತು. ಟಣ್ ಅಂತ ಸದ್ದು. ಮುಂದಿನ ಇಪ್ಪತ್ತು ಅಡಿ ಕಾರನ್ನು ಓಡಿಸಿದ್ದು ನಾನಲ್ಲ. ಸ್ಪ್ರಿಂಗ್‌ನ ಸುತ್ತು ಕಡಿಮೆಯಾದಷ್ಟೂ ಅದು ಬಿಗಿಯಾಗುತ್ತದೆ, ಆ ಬಿಗಿಯನ್ನು ಹಳೇ ಶಾಕ್ ಅಬ್ಸಾರ್ಬರ್ ತಡೆದುಕೊಳ್ಳುವುದಿಲ್ಲ, ಚಕ್ರಕ್ಕೆ ಮೇಲೆ ಹೋಗಲು ಜಾಗವೂ ಉಳಿಯುವುದಿಲ್ಲ. ಇದೆಲ್ಲ ನನಗೆ ಆಮೇಲೆ ಹೊಳೆಯಿತು. ನಿಮ್ಮ ಸ್ವಿಫ್ಟ್ ನೆಲದಿಂದ 170 ಮಿ.ಮೀ. ಎತ್ತರ ಇದೆ. ಎರಡು ಇಂಚು ಇಳಿಸಿದರೆ ಉಳಿಯುವುದು 120. ಕೂಳೆಯ ಮಧ್ಯೆ ಒಂದೇ ಒಂದು ಕಲ್ಲು ಸಾಕು, ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಒಡೆದು ಆಯಿಲ್ ಗದ್ದೆಗೆ ಹರಿಯಲು. ಗದ್ದೆಯ ಯಜಮಾನರು ಸುಮ್ಮನಿರುವುದಿಲ್ಲ, ಅದು ಬೇರೆ.

40,000ದಲ್ಲಿ ಅರ್ಧಕ್ಕಿಂತ ಜಾಸ್ತಿ ಹಣ ಕಣ್ಣಿಗೆ ಕಾಣದ ಕೆಲಸಕ್ಕೇ ಹೋಗಲಿ. ಇಷ್ಟು ಹಳೇ ಕಾರಿನಲ್ಲಿ ಚಕ್ರವನ್ನು ಹಿಡಿದು ನಿಲ್ಲಿಸುವ ಭಾಗಗಳು ಸವೆದಿರುತ್ತವೆ: ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಸ್ಟ್ರಟ್ ಮೌಂಟ್ ಇವುಗಳಲ್ಲಿ ಯಾವುದೋ ಒಂದು ಹೋಗಿರಲೇಬೇಕು. ಜಾಕ್ ಮೇಲೆತ್ತಿ ಚಕ್ರವನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ನೋಡಿ. ಸಡಿಲ ಇದ್ದರೆ ಬದಲಾಯಿಸಿ. ಆಮೇಲೆ ನಾಲ್ಕು ಹೊಸ ಶಾಕ್ ಅಬ್ಸಾರ್ಬರ್, ಕಂಪನಿಯದೇ ಸಾಕು. ಸ್ಪ್ರಿಂಗ್ ಕೂಡ ಕಂಪನಿಯದೇ ಇರಲಿ. ಚೇಂಬರ್ ಕೆಳಗೆ ಒಂದು ಗಟ್ಟಿ ಗಾರ್ಡ್ ಕಟ್ಟಿಸಿ. ಆಯಿಲ್ ಬಿಡುವ ಬೋಲ್ಟ್‌ಗೆ ಕೈ ಹೋಗುವಷ್ಟು ತೂತು ಬಿಡಲು ವೆಲ್ಡಿಂಗ್‌ನವರಿಗೆ ಹೇಳಿ, ಅವರು ಅದನ್ನೇ ಮರೆಯುತ್ತಾರೆ.

ಈಗ ಟೈರ್. ನಿಮ್ಮ ವಿಎಕ್ಸ್‌ಐಗೆ ಕಂಪನಿ ಕೊಟ್ಟದ್ದು 165/80 ಆರ್ 14. ಅಂದರೆ ಅಗಲ 165 ಮಿ.ಮೀ., ಬದಿಯ ಎತ್ತರ ಆ ಅಗಲದ ಶೇಕಡಾ 80, ರಿಮ್ 14 ಇಂಚು. ಅದೇ ಕಾರಿನ ಮೇಲಿನ ಮಾದರಿ ಝೆಡ್‌ಎಕ್ಸ್‌ಐಗೆ 185/70 ಆರ್ 14. ಲೆಕ್ಕ ಹಾಕಿದರೆ ಮೊದಲನೆಯದರ ಎತ್ತರ ಸುಮಾರು 620 ಮಿ.ಮೀ., ಎರಡನೆಯದು 615. ಹೆಚ್ಚೇನೂ ವ್ಯತ್ಯಾಸ ಇಲ್ಲ. ನೀವು ಬರೆದ 195 ಅಗಲದ್ದು 60ರ ಸರಣಿಯಲ್ಲಿ ತಂದರೆ ಎತ್ತರ 590 ಆಗುತ್ತದೆ. ಸ್ಪ್ರಿಂಗ್ ಮುಟ್ಟದೆಯೇ ಕಾರು 15 ಮಿ.ಮೀ. ತಗ್ಗುತ್ತದೆ. ಅದೂ ಅಲ್ಲದೆ ಅಗಲದ ಟೈರ್ ಸಡಿಲ ಮಣ್ಣಿನ ಮೇಲೆ ತೇಲುತ್ತದೆ. ಕಿರಿದಾದದ್ದು ಪುಡಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಎತ್ತಿನ ಗಾಡಿಯ ಚಕ್ರ ಯಾಕೆ ಅಷ್ಟು ತೆಳ್ಳಗಿತ್ತು, ಯೋಚನೆ ಮಾಡಿ. 165 ಇಟ್ಟುಕೊಳ್ಳಿ, ಇಲ್ಲವೇ 185/70 ಹಾಕಿ. ದಪ್ಪ ಗುಬುಟಿನ ರ‍್ಯಾಲಿ ಟೈರ್ ಬಿಡುತ್ತಾರಾ, ರಸ್ತೆ ಟೈರ್ ಮಾತ್ರವಾ ಅಂತ ಸ್ಪರ್ಧೆಯ ನಿಯಮದ ಹಾಳೆಯಲ್ಲಿ ಓದಿ. ಬಿಡುತ್ತಾರೆ ಅಂದರೆ ರ‍್ಯಾಲಿ ಹುಡುಗರ ಹತ್ತಿರ ಅರ್ಧ ಸವೆದದ್ದನ್ನು ಕೇಳಿ ನೋಡಿ. ಎರಡೇ ಸಿಕ್ಕಿದರೆ ಮುಂದಕ್ಕೆ ಹಾಕಿ. ಎಳೆಯುವುದೂ ತಿರುಗಿಸುವುದೂ ಮುಂದಿನವೇ ಅಲ್ವಾ? ಆದರೆ ಹಿಂಭಾಗ ಬೇಗ ಜಾರುತ್ತದೆ, ತಯಾರಿರಿ. ಊರಿಗೆ ಓಡಿಸಿಕೊಂಡು ಹೋಗುವಾಗ ನಾಲ್ಕೂ ಒಂದೇ ಜಾತಿಯದು ಹಾಕಿಕೊಳ್ಳಿ.

ಖರ್ಚಿಲ್ಲದ ಕೆಲಸ ಗಾಳಿ. ಮುಂದಿನ ಚಕ್ರ ಎಳೆಯುವ ಕಾರಿನ ರೋಗ ಒಂದೇ: ಸ್ಟೇರಿಂಗ್ ತಿರುಗಿಸಿದರೂ ಮೂತಿ ನೆಟ್ಟಗೆ ಹೋಗುವುದು. ನಾನು ಒಣ ಗದ್ದೆಯಲ್ಲಿ ಮುಂದೆ 26, ಹಿಂದೆ 30 ಪಿಎಸ್‌ಐ ಹಾಕಿ ಶುರು ಮಾಡುತ್ತೇನೆ. ಹಿಂದಿನದಕ್ಕೆ ಜಾಸ್ತಿ ಗಾಳಿ ಇದ್ದರೆ ಅದರ ಹಿಡಿತ ಸ್ವಲ್ಪ ಕಡಿಮೆಯಾಗುತ್ತದೆ. ತಿರುವಿಗೆ ಬಂದು ಆಕ್ಸಿಲರೇಟರ್ ಬಿಟ್ಟಾಗ ಹಿಂಭಾಗ ತಾನೇ ಸುತ್ತಿ ಮೂತಿಯನ್ನು ಒಳಗೆ ತರುತ್ತದೆ. ಒಂದು ಓಟಕ್ಕೆ ಎರಡೇ ಪಿಎಸ್‌ಐ, ಅದೂ ಮುಂದಿನ ಜೋಡಿಗೋ ಹಿಂದಿನ ಜೋಡಿಗೋ ಒಂದಕ್ಕೇ ಬದಲಿಸಿ. ಎರಡಕ್ಕೂ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. 22ಕ್ಕಿಂತ ಕೆಳಗೆ ಇಳಿಸಬೇಡಿ. ಬದುವಿಗೆ ಬಡಿದು ರಿಮ್ ಬಾಗುತ್ತದೆ, ಇಲ್ಲವೇ ಟೈರ್ ರಿಮ್ ಬಿಟ್ಟು ಬರುತ್ತದೆ.

ಇನ್ನೊಂದು ವಿಷಯ. ಬಿಸಿ ಸುಮಾರು 6 ಡಿಗ್ರಿ ಏರಿದರೆ ಗಾಳಿ 1 ಪಿಎಸ್‌ಐ ಏರುತ್ತದೆ. ಬೆಳಗ್ಗೆ ಮಂಜಿನಲ್ಲಿ 15 ಡಿಗ್ರಿ ಇದ್ದಾಗ ಹಾಕಿದ 26, ಮಧ್ಯಾಹ್ನ 30 ಡಿಗ್ರಿ ಬಿಸಿಲಿಗೆ 28 ದಾಟಿರುತ್ತದೆ. ಬೆಳಗ್ಗೆ ಚೆನ್ನಾಗಿ ತಿರುಗುತ್ತಿದ್ದ ಕಾರು ಊಟದ ನಂತರ ಯಾಕೆ ಮೊಂಡು ಹಿಡಿಯಿತು ಅಂತ ಅನೇಕರು ತಲೆ ಕೆಡಿಸಿಕೊಳ್ಳುತ್ತಾರೆ. ಗಾಳಿ ಅಳೆಯುವ ಸ್ವಂತ ಗೇಜ್ ಇಟ್ಟುಕೊಳ್ಳಿ. ಒಂದು ಬಂಕಿನ 30 ಇನ್ನೊಂದು ಬಂಕಿನ 27.

ಪ್ರಶ್ನೆ: ಮಣ್ಣಲ್ಲಿ ಹಿಡಿತ ಬೇಕಾದರೆ ಮುಂದಿನ ಸ್ಟೆಬಿಲೈಸರ್ ಬಾರ್ ಬಿಚ್ಚಬೇಕಂತೆ. ನನ್ನದು ಮಾರುತಿ 800. ಬಿಚ್ಚಲಾ?
– ಓದುಗರು, ಅರಸೀಕೆರೆ

ಉತ್ತರ: ಬೇಡ! ಸ್ವಿಫ್ಟ್‌ನಂಥ ಕಾರಿನಲ್ಲಿ ಬಾರ್ ಬೇರೆ, ಲೋವರ್ ಆರ್ಮ್ ಬೇರೆ. ಬಿಚ್ಚಿದರೂ ಚಕ್ರ ತನ್ನ ಜಾಗದಲ್ಲೇ ಇರುತ್ತದೆ. 800ರಲ್ಲಿ ಆ ಬಾರ್‌ಗೆ ಎರಡು ಕೆಲಸ. ಕಾರು ವಾಲುವುದನ್ನು ತಡೆಯುವುದು ಒಂದು. ಲೋವರ್ ಆರ್ಮ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವುದು ಇನ್ನೊಂದು. ಬಿಚ್ಚಿ ಬ್ರೇಕ್ ಒತ್ತಿದಿರೋ, ಚಕ್ರ ಹಿಂದಕ್ಕೆ ಬಂದು ಬಾಡಿಗೆ ತಾಗುತ್ತದೆ. ಬಾರ್‌ನ ಬುಷ್‌ಗಳನ್ನು ಹೊಸದು ಹಾಕಿಸಿ, ಅಷ್ಟೇ. 800 ಹಗುರ ಗಾಡಿ, ಮಣ್ಣಿಗೆ ಅದರಷ್ಟು ಒಳ್ಳೇ ಗುರು ಇಲ್ಲ.

ಪ್ರಶ್ನೆ: ನಾನು ಹಾಸನದವನು, ಈಗ ಮಿಶಿಗನ್‌ನಲ್ಲಿದ್ದೇನೆ. 2015ರ ಹೋಂಡಾ ಫಿಟ್‌ನಲ್ಲಿ ಇಲ್ಲಿನ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ಆಟೋಕ್ರಾಸ್‌ಗೆ ಹೋಗುತ್ತಿದ್ದೇನೆ. ಸ್ಟ್ರೀಟ್ ವರ್ಗ, ಅಂದರೆ ಕಾರನ್ನು ಹೆಚ್ಚು ಬದಲಿಸುವಂತಿಲ್ಲ. ಮುಂದಿನ ಟೈರ್‌ಗಳ ಹೊರ ಅಂಚು ಒಂದೇ ಋತುವಿನಲ್ಲಿ ಬೋಳಾಯಿತು. ಏನು ಮಾಡಲಿ?

ಉತ್ತರ: ಸೋಮವಾರಪೇಟೆಯವರು ಮಡಚಿಟ್ಟ ಪಟ್ಟಿ ನಿಮಗೆ ಬೇಕಿತ್ತು ನೋಡಿ! ಫಿಟ್ ಅಂದರೆ ನಮ್ಮ ಜಾಝ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಜೋಡಿಸುವ ತೊಲೆ), ಸ್ವಿಫ್ಟ್‌ನ ಹಾಗೇ. ಸ್ಟ್ರಟ್ ಇರುವ ಕಾರು ವಾಲಿದಾಗ ಹೊರಗಿನ ಟೈರ್ ಕೂಡ ಹೊರಕ್ಕೆ ವಾಲಿ ಅಂಚಿನ ಮೇಲೆ ನಿಲ್ಲುತ್ತದೆ. ಅದೇ ಅಂಚು ನಿಮ್ಮಲ್ಲಿ ಸವೆದದ್ದು.

ಆದರೆ ನಿಮ್ಮ ವರ್ಗದಲ್ಲಿ ಸ್ಪ್ರಿಂಗ್ ಬದಲಿಸುವಂತಿಲ್ಲ. ಶಾಕ್ ಅಬ್ಸಾರ್ಬರ್ ಬದಲಿಸಬಹುದು. ಆಂಟಿ ರೋಲ್ ಬಾರ್ (ಮೇಲೆ ಹೇಳಿದ ಸ್ಟೆಬಿಲೈಸರ್ ಬಾರೇ) ಮುಂದಿನದೋ ಹಿಂದಿನದೋ ಒಂದನ್ನು ಬದಲಿಸಬಹುದು. ಹಿಂದಿನದಕ್ಕೆ ದಪ್ಪದ್ದು ಹಾಕಿ. ಹಿಂಭಾಗ ಬಿಗಿಯಾದಷ್ಟೂ ಮೂತಿ ಚೆನ್ನಾಗಿ ತಿರುಗುತ್ತದೆ. ಒಳಗಿನ ಹಿಂದಿನ ಚಕ್ರ ನಾಯಿ ಕಾಲೆತ್ತಿದ ಹಾಗೆ ಎದ್ದರೆ ಗಾಬರಿ ಬೇಡ. ಅದು ಎಳೆಯುವ ಚಕ್ರ ಅಲ್ಲ.

ಕ್ಯಾಂಬರ್‌ಗೆ, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿ ನಿಲ್ಲುವುದಕ್ಕೆ, ಒಂದು ಹಳೇ ಉಪಾಯ. ಸ್ಟ್ರಟ್‌ನ ಕೆಳಗಿನ ಎರಡು ಬೋಲ್ಟ್ ಸಡಿಲ ಮಾಡಿ, ಚಕ್ರದ ಮೇಲಿನ ಭಾಗವನ್ನು ಒಳಕ್ಕೆ ಒತ್ತಿ ಹಿಡಿದು ಬಿಗಿ ಮಾಡಿ. ತೂತಿನ ಸಡಿಲದಲ್ಲೇ ಚೂರು ಸಿಗುತ್ತದೆ. ಆಮೇಲೆ ಟೋ (ಎರಡು ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಹಾಳಾಗಿರುತ್ತದೆ, ಅದನ್ನು ಹೊಂದಿಸದೆ ಓಡಿಸಬೇಡಿ. ಒಟ್ಟು 2 ಮಿ.ಮೀ. ಹೊರಕ್ಕಿದ್ದರೆ ಕಾರು ಚುರುಕಾಗಿ ತಿರುಗುತ್ತದೆ.

ಗಾಳಿಗೆ ಸೀಮೆಸುಣ್ಣದ ಪರೀಕ್ಷೆ ಮಾಡಿ. ಟೈರ್‌ನ ಅಂಚಿನಿಂದ ಪಕ್ಕದವರೆಗೆ ಮೂರು ಕಡೆ ಗೀಟು ಎಳೆಯಿರಿ. ಅನೇಕ ಟೈರ್‌ಗಳಲ್ಲಿ ಅಂಚಿನ ಹತ್ತಿರ ಸಣ್ಣ ತ್ರಿಕೋನ ಇರುತ್ತದೆ. ಒಂದು ಓಟ ಮುಗಿದ ಮೇಲೆ ಸುಣ್ಣ ಆ ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಸರಿ. ಅದನ್ನೂ ದಾಟಿದ್ದರೆ ಗಾಳಿ ಕಡಿಮೆ, ಅಲ್ಲಿವರೆಗೆ ಬಂದೇ ಇಲ್ಲ ಅಂದರೆ ಜಾಸ್ತಿ. ಟಾರಿನ ಮೇಲೆ ಮುಂದಿನದಕ್ಕೆ 36–38 ಬೇಕಾದರೂ ಆಶ್ಚರ್ಯ ಇಲ್ಲ. ಹೊಸ ಟೈರ್ ಕೊಳ್ಳುವುದಾದರೆ ಬದಿಯಲ್ಲಿ ಟ್ರೆಡ್‌ವೇರ್ (ಸವೆತದ ಅಂಕಿ, ಕಡಿಮೆ ಇದ್ದಷ್ಟೂ ರಬ್ಬರ್ ಮೆತ್ತಗೆ) 200 ಅಂತ ಇರುವುದು ನಿಮ್ಮ ವರ್ಗದ ಮಿತಿ. ಅದಕ್ಕಿಂತ ಮೆತ್ತಗಿನದು ನಡೆಯುವುದಿಲ್ಲ. ನಿಮ್ಮೂರಿನ ಚಳಿಗೆ ಈ 200ರ ಟೈರ್‌ಗಳು ಕಲ್ಲಾಗುತ್ತವೆ. ಹಿಮ ಶುರುವಾಗುವ ಮೊದಲೇ ಬಿಚ್ಚಿ ಮನೆಯೊಳಗಿಡಿ. ಒಂದು ಕೋನ್ ಬಿದ್ದರೆ 2 ಸೆಕೆಂಡ್ ದಂಡ ಅಲ್ವಾ? ಯಾವ ಬಾರ್ ಹಾಕಿದರೂ ಆ 2 ಸೆಕೆಂಡ್ ವಾಪಸ್ ಬರುವುದಿಲ್ಲ.

ಪ್ರಶ್ನೆ: ಚೂರೂ ಸವೆಯದ ಹಳೇ ಟೈರ್ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಬಹುದಾ?
– ಓದುಗರು, ತಿಪಟೂರು

ಉತ್ತರ: ಬದಿಯಲ್ಲಿ ನಾಲ್ಕು ಅಂಕಿಯ ಸಂಖ್ಯೆ ಹುಡುಕಿ. 3514 ಅಂತಿದ್ದರೆ 2014ರ 35ನೇ ವಾರದ್ದು. ಉಗುರು ಒತ್ತಿ ನೋಡಿ, ಇಳಿಯದಿದ್ದರೆ ಅದು ತೆಂಗಿನ ಮರಕ್ಕೆ ಉಯ್ಯಾಲೆ ಕಟ್ಟಲು ಚೆನ್ನಾಗಿದೆ.

ಪ್ರಶ್ನೆ: ಮಗ ಮನೆಯ ಕಾರನ್ನೇ ಆಟೋಕ್ರಾಸ್‌ಗೆ ತಯಾರು ಮಾಡುತ್ತಿದ್ದಾನೆ. ರಸ್ತೆಯಲ್ಲಿ ಪೊಲೀಸರು ಹಿಡಿಯುತ್ತಾರಾ? ಏನಾದರೂ ಆದರೆ ಇನ್ಶೂರೆನ್ಸ್ ಬರುತ್ತದಾ?
– ಓದುಗರು, ಮೂಡಿಗೆರೆ

ಉತ್ತರ: ಅಮ್ಮಾ, ಸ್ಪರ್ಧೆಯಲ್ಲಿ ಆದ ಹಾನಿಗೆ ಸಾಮಾನ್ಯ ಕಾರ್ ಪಾಲಿಸಿ ದುಡ್ಡು ಕೊಡುವುದಿಲ್ಲ. ರೇಸ್, ವೇಗ ಪರೀಕ್ಷೆಗೆ ಅನ್ವಯ ಇಲ್ಲ ಅಂತ ಅದರಲ್ಲೇ ಬರೆದಿರುತ್ತದೆ. ಕಾರು ಮಗುಚಿದರೆ ಖರ್ಚು ನಮ್ಮದೇ ಅಂತ ಮಗನಿಗೆ ಮೊದಲೇ ಹೇಳಿ. ಇನ್ನು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಹೊಸ ಬುಷ್, ಹೊಸ ಶಾಕ್ ಅಬ್ಸಾರ್ಬರ್, ಸರಿಯಾದ ಗಾಳಿಗೆ ಯಾರೂ ಏನೂ ಹೇಳುವುದಿಲ್ಲ. ಬಾಡಿಯಿಂದ ಹೊರಗೆ ಇಣುಕುವ ಟೈರ್, ನೆಲಕ್ಕೆ ತಾಗುವ ಕಾರು ತೊಂದರೆ ತರುತ್ತದೆ.

ಸ್ಪರ್ಧೆಯ ದಿನ ಭಾರ ಕಡಿಮೆ ಮಾಡಲು ಸ್ಟೆಪ್ನಿ, ಜಾಕ್ ಎಲ್ಲ ಇಳಿಸುತ್ತಾರೆ, ಮಾಡಲಿ. ವಾಪಸ್ ಹೊರಡುವಾಗ ಒಮ್ಮೆ ಫೋನ್ ಮಾಡಿ ನೆನಪಿಸಿ. ನಾನು ಒಂದು ಸಲ ಸ್ಟೆಪ್ನಿಯನ್ನು ಬದುವಿನ ಮೇಲೇ ಬಿಟ್ಟು ಬಂದಿದ್ದೆ. ಪಂಕ್ಚರ್ ಆದದ್ದು ಶನಿವಾರಸಂತೆ ದಾಟಿದ ಮೇಲೆ, ರಾತ್ರಿ ಹನ್ನೊಂದಕ್ಕೆ, ಮಳೆಯಲ್ಲಿ.